ಗಾಳಿಯನ್ನು ಹಿಂಡಿ ಬೆಂಕಿ ಹುಟ್ಟಿಸಿದ ಇಂಜಿನಿಯರ್: ರುಡಾಲ್ಫ್ ಡೀಸೆಲ್

ಬಂಕಿನ ಬೋರ್ಡಿನ ಮೇಲೆ ನಾವು ದಿನವೂ ಎರಡು ಹೆಸರುಗಳನ್ನು ಓದುತ್ತೇವೆ: ಪೆಟ್ರೋಲ್ ಮತ್ತು ಡೀಸೆಲ್. ಪೆಟ್ರೋಲ್ ಎಂಬ ಪದದ ಮೂಲದಲ್ಲಿ ಕಲ್ಲಿನ ಎಣ್ಣೆ ಎಂಬ ಅರ್ಥವಿದೆ. ಡೀಸೆಲ್ ಎಂಬುದು ಹಾಗಲ್ಲ. ಅದು ಒಬ್ಬ ಮನುಷ್ಯನ ಹೆಸರು. ನಮ್ಮ ಊರಿನ ಬಸ್ಸು, ಲಾರಿ, ಟ್ರ್ಯಾಕ್ಟರ್, ಬೋರ್‌ವೆಲ್ ಕೊರೆಯುವ ಗಾಡಿ, ಕರೆಂಟು ಹೋದಾಗ ಮದುವೆ ಮನೆಯಲ್ಲಿ ಸದ್ದು ಮಾಡುವ ಜನರೇಟರ್, ಎಲ್ಲವೂ ಆ ಮನುಷ್ಯನ ಹೆಸರಿನ ಇಂಜಿನ್ನಿನಿಂದಲೇ ನಡೆಯುತ್ತವೆ. ಇಷ್ಟು ಬಾಯಿಗಳಲ್ಲಿ ದಿನನಿತ್ಯ ಬರುವ ಹೆಸರಿನ ಹಿಂದಿರುವ ಬದುಕು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಸೊಕ್ಕೆ, ಜಗಳೂರು ಸುತ್ತಮುತ್ತಲಿನ ಎಷ್ಟೋ ಮನೆಗಳ ಮುಂದೆ ಮೊದಲ ಬಾರಿಗೆ ಕಾರು ಬಂದು ನಿಂತಿದೆ. ಕೆಲವು ಹೊಸವು, ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಕಾರು ಕೊಂಡವರಿಗೆ ಯಾವ ಎಣ್ಣೆ ಹಾಕಬೇಕು, ಯಾವಾಗ ಬದಲಿಸಬೇಕು, ಯಾವ ದೀಪ ಉರಿದರೆ ಗಾಡಿ ನಿಲ್ಲಿಸಬೇಕು ಎಂದು ಹತ್ತು ಜನ ಹತ್ತು ಬಗೆಯಾಗಿ ಹೇಳುತ್ತಾರೆ. ಈ ಸಲಹೆಗಳನ್ನೆಲ್ಲ ಬಾಯಿಪಾಠ ಮಾಡುವುದು ಕಷ್ಟ. ಆದರೆ ಈ ಇಂಜಿನ್ ಹುಟ್ಟಿದ್ದು ಹೇಗೆ ಎಂದು ತಿಳಿದರೆ, ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ರುಡಾಲ್ಫ್ ಡೀಸೆಲ್ ಅವರ ಬದುಕನ್ನು, ಅದರ ಜೊತೆಗೆ ನಮ್ಮ ಮನೆಯ ಗಾಡಿಗೆ ಬೇಕಾದ ತಿಳಿವಳಿಕೆಯನ್ನು ಒಟ್ಟಿಗೇ ಕೊಡುತ್ತಿದ್ದೇವೆ.

ಬಾಲ್ಯ ಮತ್ತು ವಲಸೆ

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಫ್ರಾನ್ಸಿನ ರಾಜಧಾನಿ ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಕಡೆಯವರು. ಹೊಟ್ಟೆಪಾಡಿಗಾಗಿ ಪ್ಯಾರಿಸ್‌ಗೆ ಬಂದು ನೆಲೆಸಿದವರು. ತಂದೆ ಥಿಯೋಡರ್ ಚರ್ಮದ ವಸ್ತುಗಳನ್ನು ಮಾಡಿ ಮಾರುತ್ತಿದ್ದರು. ಮನೆಯಲ್ಲಿ ಹಣದ ಅಡಚಣೆ ಸದಾ ಇತ್ತು. ತಂದೆ ತಯಾರಿಸಿದ ಮಾಲನ್ನು ತಳ್ಳುಗಾಡಿಯಲ್ಲಿ ಗಿರಾಕಿಗಳಿಗೆ ತಲುಪಿಸುವ ಕೆಲಸ ಬಾಲಕ ರುಡಾಲ್ಫನದು. ಬಿಡುವು ಸಿಕ್ಕಾಗ ಅವನು ಹೋಗುತ್ತಿದ್ದುದು ಯಂತ್ರಗಳ ಒಂದು ವಸ್ತುಸಂಗ್ರಹಾಲಯಕ್ಕೆ. ಸುಮಾರು 1770ರಲ್ಲಿ ಕುಗ್ನೋ ಎಂಬಾತ ಕಟ್ಟಿದ, ಹಬೆಯಿಂದ ಓಡುವ ಮೂರು ಚಕ್ರದ ಗಾಡಿ ಅಲ್ಲಿತ್ತು.

1870ರಲ್ಲಿ ಫ್ರಾನ್ಸ್ ಮತ್ತು ಜರ್ಮನ್ ರಾಜ್ಯಗಳ ನಡುವೆ ಯುದ್ಧ ಶುರುವಾಯಿತು. ಪ್ಯಾರಿಸ್‌ನಲ್ಲಿದ್ದ ಜರ್ಮನ್ನರು ಊರು ಬಿಡಬೇಕಾಯಿತು. ಅದೇ ವರ್ಷ ಓದಿನಲ್ಲಿ ಪದಕ ಗಳಿಸಿದ್ದ ಹನ್ನೆರಡರ ಹುಡುಗ ತಂದೆ ತಾಯಿಯ ಜೊತೆ ಲಂಡನ್ ಸೇರಿದ. ಅಲ್ಲಿಯೂ ಬದುಕು ಸುಲಭವಿರಲಿಲ್ಲ. ಕೊನೆಗೆ ಅವನೊಬ್ಬನನ್ನೇ ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದ ಬಂಧುಗಳ ಮನೆಗೆ ಕಳಿಸಿದರು. ಆ ಮನೆಯ ಯಜಮಾನ ಬಾರ್ನಿಕೆಲ್ ಅವರು ಗಣಿತದ ಮೇಷ್ಟ್ರು. ಊರು ಬಿಟ್ಟು, ಮನೆ ಬಿಟ್ಟು ಬಂದ ಹುಡುಗನಿಗೆ ಸಿಕ್ಕ ದೊಡ್ಡ ಆಸರೆ ಅದು. ಹದಿನಾಲ್ಕನೆಯ ವಯಸ್ಸಿಗೆ ತಾನು ಇಂಜಿನಿಯರ್ ಆಗುತ್ತೇನೆ ಎಂದು ತಂದೆ ತಾಯಿಗೆ ಪತ್ರ ಬರೆದ. ಶಾಲೆಯಲ್ಲಿ ಮೊದಲಿಗನಾಗಿ ಪಾಸಾದ. 1875ರಲ್ಲಿ ಮ್ಯೂನಿಕ್ ನಗರದ ತಾಂತ್ರಿಕ ಕಾಲೇಜಿಗೆ ವಿದ್ಯಾರ್ಥಿವೇತನದ ಮೇಲೆ ಸೇರಿದ.

ಒಂದು ಪಾಠ, ಒಂದು ಪ್ರಶ್ನೆ

ಮ್ಯೂನಿಕ್‌ನಲ್ಲಿ ಅವರಿಗೆ ಪಾಠ ಹೇಳಿದವರು ಕಾರ್ಲ್ ವಾನ್ ಲಿಂಡೆ. ಇಂದಿನ ಫ್ರಿಜ್ಜಿನ ಹಿಂದಿರುವ ತಂಪು ಮಾಡುವ ಯಂತ್ರವನ್ನು ರೂಪಿಸಿದ ದೊಡ್ಡವರಲ್ಲಿ ಇವರೂ ಒಬ್ಬರು. ಒಂದು ದಿನ ಅವರು ಹಬೆಯಂತ್ರದ ಬಗ್ಗೆ ಪಾಠ ಮಾಡುತ್ತ, ಅದರ ಒಲೆಗೆ ಹಾಕಿದ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೆಯ ಒಂದು ಪಾಲೂ ಕೆಲಸಕ್ಕೆ ಬರುವುದು ಕಷ್ಟ, ಉಳಿದದ್ದೆಲ್ಲ ಹೊಗೆಯಾಗಿ, ಹಬೆಯಾಗಿ ಹಾಳಾಗುತ್ತದೆ ಎಂದು ವಿವರಿಸಿದರು. ಆ ಮಾತು ರುಡಾಲ್ಫ್ ಅವರ ತಲೆಯಲ್ಲಿ ಕೂತುಬಿಟ್ಟಿತು. ಶಾಖದಿಂದ ಗರಿಷ್ಠ ಎಷ್ಟು ಕೆಲಸ ಪಡೆಯಬಹುದು ಎಂದು ಫ್ರಾನ್ಸಿನ ಕಾರ್ನೋ 1824ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಹಾಗಿದ್ದರೆ ಆ ಲೆಕ್ಕಕ್ಕೆ ಹತ್ತಿರ ಹೋಗುವ ಯಂತ್ರವನ್ನು ಯಾಕೆ ಕಟ್ಟಬಾರದು? ಈ ಪ್ರಶ್ನೆ ಅವರನ್ನು ಬದುಕಿಡೀ ಬಿಡಲಿಲ್ಲ.

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ನಾವು ಓದುವ ಕಾರ್ನೋ ಇಂಜಿನ್ ಇದೇ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಎಂದು ನಾವು ಬರೆದು ಬರುವ ಪಾಠವನ್ನು ಒಬ್ಬ ವಿದ್ಯಾರ್ಥಿ ಮನಸ್ಸಿಗೆ ಹಚ್ಚಿಕೊಂಡದ್ದರಿಂದಲೇ ಈ ಇಂಜಿನ್ ಹುಟ್ಟಿತು.

1879ರಲ್ಲಿ ಅಂತಿಮ ಪರೀಕ್ಷೆಯ ಹೊತ್ತಿಗೆ ಅವರಿಗೆ ಟೈಫಾಯ್ಡ್ ಜ್ವರ ಬಂತು. ಪರೀಕ್ಷೆ ತಪ್ಪಿತು. ಮುಂದಿನ ಪರೀಕ್ಷೆ ಬರುವ ತನಕ ಅವರು ಕೈಕಟ್ಟಿ ಕೂರದೆ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತರು. 1880ರ ಜನವರಿಯಲ್ಲಿ ಪರೀಕ್ಷೆ ಬರೆದು ಅತ್ಯುನ್ನತ ದರ್ಜೆಯಲ್ಲಿ ತೇರ್ಗಡೆಯಾದರು. ಲಿಂಡೆ ಅವರೇ ತಮ್ಮ ಶಿಷ್ಯನನ್ನು ಪ್ಯಾರಿಸ್‌ನ ಮಂಜುಗಡ್ಡೆ ಕಾರ್ಖಾನೆಯ ಕೆಲಸಕ್ಕೆ ಕರೆದುಕೊಂಡರು. 1883ರಲ್ಲಿ ಮಾರ್ಥಾ ಎಂಬವರೊಡನೆ ಮದುವೆಯಾಯಿತು. ಮೂವರು ಮಕ್ಕಳಾದರು. ಹಗಲು ಮಂಜುಗಡ್ಡೆಯ ಕೆಲಸ, ಉಳಿದ ಹೊತ್ತಿನಲ್ಲಿ ಬೆಂಕಿಯ ಯಂತ್ರದ ಚಿಂತೆ. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು.

ಕಿಡಿಯಿಲ್ಲದೆ ಬೆಂಕಿ

ಸೈಕಲ್‌ಗೆ ಪಂಪಿನಿಂದ ಗಾಳಿ ಹೊಡೆದವರಿಗೆಲ್ಲ ಗೊತ್ತಿರುವ ಸಂಗತಿ: ಹೊಡೆಯುತ್ತ ಹೋದಂತೆ ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಶಾಖ ಹೊರಗೆ ಹೋಗಲು ಬಿಡದೆ ಥಟ್ಟನೆ ಒತ್ತಿದರೆ ಇನ್ನೂ ಹೆಚ್ಚು ಕಾಯುತ್ತದೆ. ಪುಸ್ತಕದಲ್ಲಿ ಇದನ್ನೇ ಅಡಿಯಬ್ಯಾಟಿಕ್ ಪ್ರಕ್ರಿಯೆ ಎನ್ನುತ್ತಾರೆ. ಆಗ್ಸ್‌ಬರ್ಗ್ ಶಾಲೆಯಲ್ಲಿ ಗಾಜಿನ ಕೊಳವೆಯೊಳಗೆ ಗಾಳಿಯನ್ನು ಒತ್ತಿ ಬೆಂಕಿ ಹೊತ್ತಿಸುವ ಚಿಕ್ಕ ಸಾಧನವೊಂದಿತ್ತು, ರುಡಾಲ್ಫ್ ಅವರ ಯೋಚನೆಗೆ ಅದೇ ಬೀಜವಾಯಿತು ಎಂದು ಹೇಳುವುದುಂಟು.

ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಬೆರೆತದ್ದನ್ನು ಸುಮಾರು ಹತ್ತನೆಯ ಒಂದು ಪಾಲಿಗೆ ಒತ್ತಿ, ಸ್ಪಾರ್ಕ್ ಪ್ಲಗ್ಗಿನಿಂದ ಕಿಡಿ ಹಾರಿಸುತ್ತಾರೆ. ರುಡಾಲ್ಫ್ ಅವರ ಯಂತ್ರದಲ್ಲಿ ಪ್ಲಗ್ಗೇ ಇಲ್ಲ. ಬರೀ ಗಾಳಿಯನ್ನು ಹದಿನಾರರಿಂದ ಇಪ್ಪತ್ತನೆಯ ಒಂದು ಪಾಲಿಗೆ ಒತ್ತಬೇಕು. ಅದು ಕೆಂಡದಂತೆ ಕಾದಾಗ ಎಣ್ಣೆಯನ್ನು ಸಣ್ಣ ಹನಿಗಳಾಗಿ ಚಿಮ್ಮಬೇಕು. ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ವಿಜ್ಞಾನ ವಿಭಾಗದವರು ಲೆಕ್ಕ ಮಾಡಿ ನೋಡಬಹುದು. ಗಾಳಿಯ ಆರಂಭದ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್. ಒತ್ತುವ ಅನುಪಾತ 18. ಗಾಳಿಯ ಗಾಮಾ ಬೆಲೆ 1.4. 18ರ 0.4 ಘಾತ ಸುಮಾರು 3.18. ಅದನ್ನು 300ರಿಂದ ಗುಣಿಸಿದರೆ ಸುಮಾರು 953 ಕೆಲ್ವಿನ್, ಅಂದರೆ 680 ಡಿಗ್ರಿ ಸೆಲ್ಸಿಯಸ್. ನಿಜವಾದ ಇಂಜಿನ್ನಿನಲ್ಲಿ ಗೋಡೆಗೆ ಶಾಖ ಹೋಗುವುದರಿಂದ ಇದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಡೀಸೆಲ್ ಎಣ್ಣೆ ಹೊತ್ತಿಕೊಳ್ಳಲು ಅಷ್ಟು ಶಾಖ ಧಾರಾಳವಾಗಿ ಸಾಕು.

ಈ ಒಂದು ಸಂಗತಿ ಅರ್ಥವಾದರೆ ಕಾರಿನ ಅರ್ಧ ಕೈಪಿಡಿ ಅರ್ಥವಾದಂತೆ. ಎರಡು ಇಂಧನಗಳ ಸ್ವಭಾವ ಬೇರೆ, ಇಂಜಿನ್ನಿನ ಸ್ವಭಾವವೂ ಬೇರೆ. ಒಂದರ ಟ್ಯಾಂಕಿಗೆ ಇನ್ನೊಂದನ್ನು ಹಾಕಬಾರದು. ಡೀಸೆಲ್ ಎಣ್ಣೆಗೆ ತನ್ನದೇ ಜಿಡ್ಡು ಇದೆ. ಟ್ಯಾಂಕಿನಿಂದ ಎಣ್ಣೆ ಎಳೆದು ಭಾರಿ ಒತ್ತಡದಲ್ಲಿ ಚಿಮ್ಮುವ ಪಂಪು ಮತ್ತು ಇಂಜೆಕ್ಟರ್‌ಗಳು ಸವೆಯದಂತೆ ಕಾಯುವುದೂ ಆ ಜಿಡ್ಡೇ. ಅಲ್ಲಿಗೆ ಪೆಟ್ರೋಲ್ ಹೋದರೆ ಜಿಡ್ಡು ತೊಳೆದುಹೋಗಿ ಲೋಹಕ್ಕೆ ಲೋಹ ತಿಕ್ಕುತ್ತದೆ. ಸವೆದ ಪುಡಿ ಎಲ್ಲ ಕೊಳವೆಗಳಲ್ಲೂ ಸೇರುತ್ತದೆ. ರಿಪೇರಿಗೆ ಮನೆಯ ಉಳಿತಾಯವೇ ಕರಗಬಹುದು. ಪೆಟ್ರೋಲ್ ಕಾರಿಗೆ ಡೀಸೆಲ್ ಹೋದರೆ ಪ್ಲಗ್ಗುಗಳಿಗೆ ಮಸಿ ಹಿಡಿದು, ದಟ್ಟ ಹೊಗೆ ಬಂದು ಗಾಡಿ ನಿಲ್ಲುತ್ತದೆ.

ಆದ್ದರಿಂದ ಬಂಕಿನಲ್ಲಿ ಯಾವ ಎಣ್ಣೆ ಎಂದು ಬಾಯಿಬಿಟ್ಟು ಹೇಳಿ. ಟ್ಯಾಂಕಿನ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯನ್ನು ಹುಡುಗನಿಗೆ ತೋರಿಸಿ. ಮೀಟರ್ ಸೊನ್ನೆಗೆ ಬಂದದ್ದನ್ನು ನೋಡಿ. ತಪ್ಪು ಎಣ್ಣೆ ಬಿದ್ದದ್ದು ಗೊತ್ತಾದರೆ ಕೀಲಿ ತಿರುಗಿಸಲೇಬೇಡಿ. ಇಂಜಿನ್ ಸ್ಟಾರ್ಟ್ ಆಗದಿದ್ದರೆ ಎಣ್ಣೆ ಹೆಚ್ಚಾಗಿ ಟ್ಯಾಂಕಿನಲ್ಲೇ ಇರುತ್ತದೆ. ಗಾಡಿಯನ್ನು ತಳ್ಳಿ ಬದಿಗೆ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ ಟ್ಯಾಂಕ್ ಖಾಲಿ ಮಾಡಿಸಿದರೆ ದೊಡ್ಡ ಹಾನಿ ತಪ್ಪುತ್ತದೆ.

ನಾಲ್ಕು ವರ್ಷದ ಪ್ರಯೋಗ

1892ರಲ್ಲಿ ರುಡಾಲ್ಫ್ ಡೀಸೆಲ್ ಅವರು ಜರ್ಮನಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮರುವರ್ಷ ಅದು ಸಿಕ್ಕಿತು. ಅದೇ ವರ್ಷ ತಮ್ಮ ಸಿದ್ಧಾಂತವನ್ನು ವಿವರಿಸುವ ಪುಸ್ತಕವನ್ನೂ ಪ್ರಕಟಿಸಿದರು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಕ್ ಬುಟ್ಸ್ ಅವರು ಪ್ರಯೋಗಕ್ಕೆ ಜಾಗ ಕೊಟ್ಟರು. ಕ್ರುಪ್ ಕಂಪನಿಯೂ ಹಣ ಹಾಕಿತು.

1893ರ ಆಗಸ್ಟ್ 10ರಂದು ಮೊದಲ ಇಂಜಿನ್ನಿಗೆ ಇಂಧನ ಚಿಮ್ಮಿಸಿದರು. ಅದು ಹೊತ್ತಿಕೊಂಡಿತು. ಆದರೆ ಒಳಗಿನ ಒತ್ತಡ ಎಣಿಸಿದ್ದಕ್ಕಿಂತ ಬಹಳ ಮೇಲೇರಿ, ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ಹತ್ತಿರ ನಿಂತವರು ಸ್ವಲ್ಪದರಲ್ಲಿ ಪಾರಾದರು. ಕಿಡಿಯಿಲ್ಲದೆ ಬೆಂಕಿ ಬರುತ್ತದೆ ಎಂಬುದು ಸಾಬೀತಾಯಿತು, ಆದರೆ ಯಂತ್ರ ತಾನಾಗಿ ಓಡಲಿಲ್ಲ. 1894ರ ಫೆಬ್ರುವರಿ 17ರಂದು ತಿದ್ದಿ ಕಟ್ಟಿದ ಇಂಜಿನ್ ಸುಮಾರು ಒಂದು ನಿಮಿಷ ತನ್ನ ಬಲದಿಂದಲೇ ತಿರುಗಿತು. ನಂತರವೂ ಮೂರು ವರ್ಷ ತಿದ್ದುಪಡಿ ನಡೆಯಿತು.

ಈ ತಿದ್ದುಪಡಿಗಳಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ತಮ್ಮ ಇಂಜಿನ್ ಶಾಖವನ್ನು ಅಷ್ಟು ಚೆನ್ನಾಗಿ ಬಳಸುವುದರಿಂದ ಅದಕ್ಕೆ ತಂಪು ಮಾಡುವ ನೀರೇ ಬೇಡ ಎಂದು ರುಡಾಲ್ಫ್ ಅವರು ಮೊದಲು ನಂಬಿದ್ದರು. ಪ್ರಯೋಗ ಬೇರೆಯೇ ಹೇಳಿತು. ಕೊನೆಗೆ ಗೆದ್ದ ಇಂಜಿನ್ನಿನ ಸಿಲಿಂಡರ್ ಸುತ್ತ ನೀರಿನ ಕವಚವಿತ್ತು. ಕಾಗದದ ಮೇಲಿನ ಸಿದ್ಧಾಂತಕ್ಕಿಂತ ಕಣ್ಣೆದುರಿನ ಕಬ್ಬಿಣದ ಮಾತಿಗೆ ಅವರು ಕಿವಿಗೊಟ್ಟರು.

ಇಂದಿನ ಕಾರಿನ ಕೂಲೆಂಟ್ ಮತ್ತು ರೇಡಿಯೇಟರ್ ಮಾಡುವುದು ಆ ಕವಚದ ಕೆಲಸವನ್ನೇ. ಕೂಲೆಂಟ್ ಡಬ್ಬಿಯ ಮೇಲೆ ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಗೆರೆಗಳಿರುತ್ತವೆ. ಇಂಜಿನ್ ತಣ್ಣಗಿರುವಾಗ ಮಟ್ಟ ಅವೆರಡರ ನಡುವೆ ಇರಬೇಕು. ಬೋರ್‌ವೆಲ್ಲಿನ ಗಡಸು ನೀರನ್ನು ಸುರಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನೇ ಹಾಕಬೇಕು. ಬಿಸಿಲಿನಲ್ಲಿ ದೂರ ಓಡಿ ಉಷ್ಣತೆಯ ಮುಳ್ಳು ಕೆಂಪಿಗೆ ಬಂದರೆ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ ಕಾಯಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಒಳಗಿನ ನೀರು ಕುಕ್ಕರಿನಂತೆ ಒತ್ತಡದಲ್ಲಿರುತ್ತದೆ. ತೆಗೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ.

ಗೆಲುವಿನ ದಿನ

1897ರ ಫೆಬ್ರುವರಿ 17ರಂದು ಮ್ಯೂನಿಕ್‌ನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಅವರು ಇಂಜಿನ್ನನ್ನು ಅಧಿಕೃತವಾಗಿ ಪರೀಕ್ಷಿಸಿದರು. ಸೀಮೆಎಣ್ಣೆಯಿಂದ ಓಡಿದ ಆ ಇಂಜಿನ್, ಎಣ್ಣೆಯ ಶಾಖದಲ್ಲಿ ಶೇಕಡಾ 26.2ರಷ್ಟನ್ನು ಕೆಲಸವಾಗಿ ಬದಲಾಯಿಸಿತು. ಆ ಕಾಲದ ಸಾಮಾನ್ಯ ಹಬೆಯಂತ್ರಗಳಿಗಿಂತ ಇದು ಎರಡು ಮೂರು ಪಟ್ಟು ಹೆಚ್ಚು. ಸುದ್ದಿ ಎಲ್ಲೆಡೆ ಹಬ್ಬಿತು. ಅಮೆರಿಕ, ರಷ್ಯಾ, ಇಂಗ್ಲೆಂಡ್‌ಗಳ ಉದ್ಯಮಿಗಳು ಪರವಾನಗಿ ಕೊಳ್ಳಲು ಬಂದರು. ತಳ್ಳುಗಾಡಿ ತಳ್ಳಿದ ಹುಡುಗ ನಲವತ್ತರ ಹೊತ್ತಿಗೆ ಶ್ರೀಮಂತರಾದರು.

ಕಬ್ಬಿಣದ ಸಿಲಿಂಡರಿನೊಳಗೆ ಇಷ್ಟು ಒತ್ತಡ ನಿಲ್ಲಬೇಕಾದರೆ ಪಿಸ್ಟನ್ ಮತ್ತು ಗೋಡೆಯ ನಡುವೆ ಕೂದಲೆಳೆಗಿಂತ ಸಣ್ಣ ಸಂದು ಇರಬೇಕು. ಗಾಳಿ ಸೋರಬಾರದು, ಆದರೆ ಪಿಸ್ಟನ್ ಸಲೀಸಾಗಿ ಜಾರಬೇಕು. ಈ ಎರಡೂ ಆಗುವುದು ಒಂದು ತೆಳುವಾದ ಎಣ್ಣೆಯ ಪದರದಿಂದ. ಅದೇ ಇಂಜಿನ್ ಆಯಿಲ್. ಅದು ಲೋಹ ತಿಕ್ಕದಂತೆ ನೋಡುತ್ತದೆ, ಸಂದು ಮುಚ್ಚುತ್ತದೆ, ಶಾಖ ಒಯ್ಯುತ್ತದೆ, ಮಸಿ ತೊಳೆಯುತ್ತದೆ.

ಆಯಿಲ್ ನೋಡುವುದು ಮನೆಯಲ್ಲಿ ಯಾರು ಬೇಕಾದರೂ ಕಲಿಯಬಹುದಾದ ಕೆಲಸ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಬಾನೆಟ್ ತೆರೆದು ಆಯಿಲ್ ಕಡ್ಡಿಯನ್ನು ಎಳೆದು ಬಟ್ಟೆಯಲ್ಲಿ ಒರೆಸಿ. ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆದು ನೋಡಿ. ಎಣ್ಣೆಯ ಗುರುತು ಕಡ್ಡಿಯ ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆಯಾದರೆ ಇಂಜಿನ್ ಸವೆಯುತ್ತದೆ. ಇರಲಿ ಎಂದು ಹೆಚ್ಚು ಸುರಿದರೂ ಕೇಡೇ; ಆಯಿಲ್ ನೊರೆಗಟ್ಟಿ, ಒತ್ತಡ ತಪ್ಪಿ ಸೀಲುಗಳು ಸೋರುತ್ತವೆ. ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮುಂಚೆ ತಪ್ಪದೆ ನೋಡುವುದು ಒಳ್ಳೆಯದು.

ಡೀಸೆಲ್ ಗಾಡಿಯ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಅದನ್ನು ಕಂಡು ಮೆಕ್ಯಾನಿಕ್ ಹಳೆಯದನ್ನೇ ಹಾಕಿದ ಎಂದು ಜಗಳಕ್ಕೆ ಹೋಗಬೇಕಿಲ್ಲ. ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸ. ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಅಥವಾ ಬರೆದ ತಿಂಗಳು, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಆಗ ಬದಲಿಸಬೇಕು. ಕಾರು ಓಡಲೇ ಇಲ್ಲ, ಆಯಿಲ್ ಯಾಕೆ ಎನ್ನುವುದು ಸರಿಯಲ್ಲ. ನಿಂತ ಗಾಡಿಯ ಆಯಿಲೂ ಹಳತಾಗುತ್ತದೆ. ಆಯಿಲ್ ಜೊತೆಗೆ ಫಿಲ್ಟರನ್ನೂ ಬದಲಿಸಿ.

ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂಬಂತೆ ಬರೆದಿರುತ್ತದೆ. ಮೊದಲ ಅಂಕಿ ಮತ್ತು ಡಬ್ಲ್ಯೂ ಸೇರಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತವೆ. ಎರಡನೆಯ ಅಂಕಿ, ಇಂಜಿನ್ ಕಾದಾಗ ಅದರ ಮಂದ ಎಷ್ಟು ಎಂಬುದನ್ನು ಹೇಳುತ್ತದೆ. ದಪ್ಪ ಆಯಿಲ್ ಒಳ್ಳೆಯದು ಎಂಬುದು ತಪ್ಪು ನಂಬಿಕೆ; ಕೈಪಿಡಿ ಹೇಳಿದ್ದೇ ಒಳ್ಳೆಯದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವುದರಿಂದ ಅವಕ್ಕೆ ಬೂದಿ ಕಡಿಮೆ ಬಿಡುವ ಬೇರೆ ದರ್ಜೆಯ ಆಯಿಲ್ ಬೇಕು. ಟ್ರ್ಯಾಕ್ಟರಿಗೆ ತಂದು ಉಳಿದ ಡಬ್ಬಿಯನ್ನು ಅದಕ್ಕೆ ಸುರಿಯಬಾರದು.

ಓಡುವಾಗ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಉರಿದರೆ ಜಗಳೂರು ಇನ್ನೇನು ನಾಲ್ಕೇ ಕಿಲೋಮೀಟರ್ ಎಂದು ಓಡಿಸಬೇಡಿ. ಆ ದೀಪ ಆಯಿಲ್‌ನ ಒತ್ತಡ ಬಿದ್ದಿದೆ ಎಂದು ಹೇಳುತ್ತಿದೆ. ಆ ನಾಲ್ಕು ಕಿಲೋಮೀಟರಿನಲ್ಲಿ ಇಂಜಿನ್ ಜಾಮ್ ಆಗಬಹುದು.

ಶೇಂಗಾ ಎಣ್ಣೆಯ ಇಂಜಿನ್

ಈಗ ನಮ್ಮ ಸೀಮೆಗೆ ಹತ್ತಿರವಾದ ಒಂದು ಘಟನೆ. 1900ರಲ್ಲಿ ಪ್ಯಾರಿಸ್‌ನಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಫ್ರಾನ್ಸ್ ಸರ್ಕಾರದ ಅಪೇಕ್ಷೆಯಂತೆ ಒಂದು ಚಿಕ್ಕ ಡೀಸೆಲ್ ಇಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿದರು. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಶೇಂಗಾ ಹೇರಳವಾಗಿ ಬೆಳೆಯುವುದರಿಂದ ಅಲ್ಲಿನ ಯಂತ್ರಗಳಿಗೆ ಅಲ್ಲಿನ ಎಣ್ಣೆಯೇ ಸಾಕಾದೀತೇ ಎಂಬುದು ಆ ಸರ್ಕಾರದ ಆಲೋಚನೆ. ಇಂಜಿನ್ ಎಷ್ಟು ಸಲೀಸಾಗಿ ಓಡಿತೆಂದರೆ ನೋಡಿದವರಲ್ಲಿ ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಬೀಜದ ಎಣ್ಣೆಗಳು ಇಂದು ಸಣ್ಣ ಸಂಗತಿಯಾಗಿ ಕಂಡರೂ ಮುಂದೆ ಕಲ್ಲೆಣ್ಣೆಯಷ್ಟೇ ಮುಖ್ಯವಾಗಬಹುದು ಎಂಬ ಅಭಿಪ್ರಾಯವನ್ನು ರುಡಾಲ್ಫ್ ಅವರು 1912ರಲ್ಲಿ ವ್ಯಕ್ತಪಡಿಸಿದರು.

ಮಳೆ ನಂಬಿ ಶೇಂಗಾ ಬಿತ್ತುವ ಜಗಳೂರು ಸೀಮೆಯ ನಮಗೆ, ಪಕ್ಕದಲ್ಲೇ ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆಯನ್ನು ಕಂಡವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ತಿನ್ನುವ ಎಣ್ಣೆಯನ್ನು ಸುಡುವುದು ನಮಗೆ ಒಪ್ಪದು. ಆದರೆ ಹೊಂಗೆ, ಬೇವು ತಿನ್ನುವ ಎಣ್ಣೆಯಲ್ಲ, ಬರಕ್ಕೂ ಬಗ್ಗದ ಮರಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ನಡೆಸಿ ಹಳ್ಳಿಗೆ ನೀರೆತ್ತಬಹುದೆಂದು ತೋರಿಸಿದರು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ. ಇಂದು ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಐದನೆಯ ಒಂದು ಪಾಲು ಕಬ್ಬು, ಧಾನ್ಯಗಳಿಂದ ಬಂದ ಎಥನಾಲ್. ಹಳೆಯ ಕಾರು ಇರುವವರು ಅದಕ್ಕೆ ತಮ್ಮ ಗಾಡಿ ಹೊಂದುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಇದನ್ನು ಓದಿ ಯಾರೂ ಮನೆಯ ಕಾರಿಗೆ ಗಾಣದ ಎಣ್ಣೆಯನ್ನೋ ಕರಿದ ಎಣ್ಣೆಯನ್ನೋ ಸುರಿಯಬಾರದು. ರುಡಾಲ್ಫ್ ಅವರ ಕಾಲದ ಇಂಜಿನ್ ದೊಡ್ಡದು, ನಿಧಾನದ್ದು. ಇಂದಿನ ಕಾರಿನ ಇಂಜೆಕ್ಟರ್ ರಂಧ್ರಗಳು ಬಹಳ ಸೂಕ್ಷ್ಮ. ಮಂದವಾದ ಹಸಿ ಎಣ್ಣೆ ಅಲ್ಲಿ ಕಟ್ಟಿಕೊಳ್ಳುತ್ತದೆ. ಬೀಜದ ಎಣ್ಣೆಯನ್ನು ಮೆಥನಾಲ್ ಜೊತೆ ರಾಸಾಯನಿಕ ಕ್ರಿಯೆಗೆ ಒಳಪಡಿಸಿ ತೆಳುವಾಗಿಸಿದ ಮೇಲೆಯೇ ಅದು ಬಯೋಡೀಸೆಲ್ ಆಗುತ್ತದೆ.

ನೋವಿನ ಕೊನೆ

ಕೀರ್ತಿ ಬಂದ ಹಾಗೆ ನೆಮ್ಮದಿ ಬರಲಿಲ್ಲ. ಪೇಟೆಂಟಿನ ವ್ಯಾಜ್ಯಗಳು, ಬಿಡುವಿಲ್ಲದ ದುಡಿಮೆ, ತೀವ್ರ ತಲೆನೋವು ಅವರನ್ನು ಹಣ್ಣು ಮಾಡಿದವು. ಆಸ್ಪತ್ರೆ ವಾಸವೂ ಆಯಿತು. ಯಂತ್ರದ ಲೆಕ್ಕ ತಪ್ಪದ ಅವರಿಗೆ ಹಣದ ಲೆಕ್ಕ ಹಿಡಿತಕ್ಕೆ ಸಿಗಲಿಲ್ಲ. ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿದರು. ಎಣ್ಣೆ ಬಾವಿ ಮತ್ತು ಜಮೀನಿನ ವ್ಯವಹಾರಗಳಲ್ಲಿ ಹಣ ಮುಳುಗಿತು.

ಅವರ ಆಸೆ ಬರೀ ಹಣದ್ದಾಗಿರಲಿಲ್ಲ. ದೊಡ್ಡ ಹಬೆಯಂತ್ರ ಕೊಳ್ಳುವ ಶಕ್ತಿಯಿಲ್ಲದ ಕುಶಲಕರ್ಮಿಗಳಿಗೆ, ಸಣ್ಣ ಕಸುಬಿನವರಿಗೆ ಕಡಿಮೆ ಖರ್ಚಿನ ಯಂತ್ರ ಸಿಕ್ಕರೆ ಅವರು ದೊಡ್ಡ ಕಾರ್ಖಾನೆಗಳ ಎದುರು ತಲೆಯೆತ್ತಿ ಬದುಕಬಹುದು ಎಂಬುದು ಅವರ ಹಂಬಲ. ದುಡಿಯುವವರು ಒಟ್ಟುಗೂಡಿ ಉದ್ಯಮ ನಡೆಸಬೇಕೆಂದು 1903ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಅದನ್ನು ಕೊಂಡು ಓದಿದವರು ಬಹಳ ಕಡಿಮೆ.

1913ರ ಸೆಪ್ಟೆಂಬರ್ 29ರ ಸಂಜೆ ಅವರು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಿಂದ ಡ್ರೆಸ್ಡನ್ ಎಂಬ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ರಾತ್ರಿ ಜೊತೆಗಾರರೊಂದಿಗೆ ಊಟ ಮಾಡಿ, ಬೆಳಿಗ್ಗೆ ಆರೂಕಾಲಕ್ಕೆ ಎಬ್ಬಿಸಲು ಹೇಳಿ ತಮ್ಮ ಕೋಣೆಗೆ ಹೋದರು. ಬೆಳಿಗ್ಗೆ ಕೋಣೆ ಖಾಲಿಯಿತ್ತು. ಹಾಸಿಗೆಯಲ್ಲಿ ಯಾರೂ ಮಲಗಿರಲಿಲ್ಲ. ಅವರ ಟೋಪಿ ಮತ್ತು ಕೋಟು ಹಡಗಿನ ಅಂಚಿನ ಕಂಬಿಯ ಬಳಿ ಸಿಕ್ಕವು. ಹತ್ತು ದಿನಗಳ ಮೇಲೆ ಡಚ್ ದೋಣಿಯೊಂದರ ನಾವಿಕರಿಗೆ ಸಮುದ್ರದಲ್ಲಿ ಶವವೊಂದು ಕಂಡಿತು. ಅದರ ಜೇಬಿನಲ್ಲಿದ್ದ ಚಿಕ್ಕಪುಟ್ಟ ವಸ್ತುಗಳನ್ನು ಮಗ ಯುಜೀನ್ ಗುರುತಿಸಿದರು. ಆಗ ಅವರಿಗೆ 55 ವರ್ಷ. ಆ ರಾತ್ರಿ ಏನಾಯಿತು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಸಾಲದ ಹೊರೆ ಅವರನ್ನು ಕುಗ್ಗಿಸಿತ್ತು ಎಂಬುದಂತೂ ನಿಜ. ಹಣದ ಕಷ್ಟವನ್ನು, ಮನಸ್ಸಿನ ಭಾರವನ್ನು ಒಬ್ಬರೇ ಹೊರದೆ ಮನೆಯವರೊಡನೆ, ಗೆಳೆಯರೊಡನೆ, ಗುರುಗಳೊಡನೆ ಹಂಚಿಕೊಳ್ಳಬೇಕು ಎಂಬುದನ್ನು ಅವರ ಬದುಕಿನಿಂದ ನಾವು ಕಲಿಯಬೇಕು.

ಅವರು ಹೋದ ಮೇಲೆ

ತಮ್ಮ ಇಂಜಿನ್ ಹಡಗು ನಡೆಸುವುದನ್ನು ಅವರು ಕಂಡರು. ಅದು ರಸ್ತೆಯಲ್ಲಿ ಎಲ್ಲೆಡೆ ಓಡುವುದನ್ನು ಕಾಣಲಿಲ್ಲ. 1920ರ ದಶಕದಲ್ಲಿ ಡೀಸೆಲ್ ಲಾರಿಗಳು ಬಂದವು. ಅದೇ ದಶಕದ ಕೊನೆಗೆ ಬಾಷ್ ಕಂಪನಿ ಎಣ್ಣೆ ಚಿಮ್ಮುವ ಚಿಕ್ಕ ಪಂಪನ್ನು ಹೇರಳವಾಗಿ ತಯಾರಿಸತೊಡಗಿತು. 1936ರಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಮಾರುಕಟ್ಟೆಗೆ ಬಂತು. ನಮ್ಮ ಹಳ್ಳಿಗಳಿಗೆ ಕರೆಂಟು ಬರುವ ಮುಂಚೆ ಹಿಟ್ಟಿನ ಗಿರಣಿ ತಿರುಗಿಸಿದ್ದು, ಬಾವಿಯಿಂದ ನೀರೆತ್ತಿದ್ದು ಇದೇ ಎಣ್ಣೆ ಇಂಜಿನ್. ಸಣ್ಣ ಕಸುಬಿನವರ ಕೈಗೆ ಯಂತ್ರ ಸಿಗಲಿ ಎಂಬ ಅವರ ಆಸೆ, ಅವರು ಕಾಣದ ದೇಶದ ಹಳ್ಳಿಗಳಲ್ಲಿ ಕೈಗೂಡಿತು. ಅದರ ಹೊಗೆ ಊರಿನ ಗಾಳಿಯನ್ನು ಕೆಡಿಸಿದ್ದೂ ನಿಜ. ಅದಕ್ಕಾಗಿಯೇ ಇಂದು ಬಿಎಸ್-6ರಂಥ ಕಠಿಣ ನಿಯಮಗಳು ಬಂದಿವೆ.

ಕಾರು ಕೊಂಡ ಮನೆಗಳಿಗೆ ಇನ್ನಷ್ಟು ಮಾತು

1. ಟ್ಯಾಂಕ್ ಪೂರ್ತಿ ಬರಿದಾಗುವ ತನಕ ಓಡಿಸಬೇಡಿ. ಡೀಸೆಲ್ ಗಾಡಿಯ ಕೊಳವೆಗೆ ಗಾಳಿ ಸೇರಿದರೆ ಅದನ್ನು ತೆಗೆಸುವ ತನಕ ಸ್ಟಾರ್ಟ್ ಆಗದು. ಇಂಧನದಲ್ಲಿ ನೀರು ಸೇರಿದೆ ಎಂಬ ದೀಪ ಬಂದರೆ ಫಿಲ್ಟರಿನ ನೀರು ತೆಗೆಸಿ.

2. ಬಂಕಿನಲ್ಲಿ ಇಂಜಿನ್ ಆಫ್ ಇರಲಿ, ಬೀಡಿ ಸಿಗರೇಟು ಬೇಡ. ಪೆಟ್ರೋಲಿನ ಆವಿ ಚಳಿಯಲ್ಲೂ ಹೊತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದು ಅಡುಗೆಮನೆಯ ಮೂಲೆಯಲ್ಲಿ ಇಡುವ ಅಭ್ಯಾಸ ಬಿಡಿ.

3. ಟರ್ಬೊ ಇರುವ ಕಾರನ್ನು ದೂರ ಓಡಿಸಿ ಬಂದ ಕೂಡಲೇ ಆಫ್ ಮಾಡದೆ ಅರ್ಧ ನಿಮಿಷ, ಒಂದು ನಿಮಿಷ ಸುಮ್ಮನೆ ಓಡಲು ಬಿಡಿ. ಕಾದ ಟರ್ಬೊಗೆ ಆಯಿಲ್ ಹರಿದು ತಂಪಾಗುತ್ತದೆ.

4. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ, ಎಸಿ ಹಾಕಿಕೊಂಡು ನಿಂತ ಕಾರಿನಲ್ಲಿ ಮಲಗಬೇಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

5. ಟೈರಿನ ಗಾಳಿ ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಟೈರ್ ತಣ್ಣಗಿರುವಾಗ ನೋಡಿಸಿ. ಸ್ಟೆಪ್ನಿಯನ್ನು ಮರೆಯಬೇಡಿ.

6. ಸೀಟ್ ಬೆಲ್ಟ್ ಮುಂದಿನವರಿಗಷ್ಟೇ ಅಲ್ಲ, ಹಿಂದೆ ಕೂತ ಅಜ್ಜಿಗೂ ಬೇಕು. ಮಕ್ಕಳನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬಾರದು.

ಕೊನೆಯ ಮಾತು ನಮ್ಮ ವಿದ್ಯಾರ್ಥಿಗಳಿಗೇ. ಮನೆಗೆ ಕಾರು ಬಂದ ದಿನ ಕೀಲಿ ಕೈಗೆ ಸಿಕ್ಕರೆ ಒಂದು ಸುತ್ತು ಹೊಡೆಯುವ ಆಸೆ ಸಹಜ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಹದಿನೆಂಟು ತುಂಬಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಹದಿನೆಂಟು ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದ ತನಕ ಜೈಲು ಶಿಕ್ಷೆ ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಓಡಿಸಿದವರಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ದಂಡಕ್ಕಿಂತ ದೊಡ್ಡದು ಜೀವ. ನಮ್ಮದೂ, ರಸ್ತೆ ದಾಟುವ ಇನ್ನೊಬ್ಬರದೂ.

ಸ್ಟಿಯರಿಂಗ್ ಹಿಡಿಯಲು ಕಾಯಬೇಕು ನಿಜ, ಬಾನೆಟ್ ತೆರೆಯಲು ಕಾಯಬೇಕಿಲ್ಲ. ಈ ಭಾನುವಾರ ಮನೆಯಲ್ಲೋ ನೆರೆಮನೆಯಲ್ಲೋ ದೊಡ್ಡವರನ್ನು ಕೇಳಿ ಕಾರಿನ ಕೈಪಿಡಿ ತೆಗೆದು ಓದಿ. ಆಯಿಲ್ ಕಡ್ಡಿ ಎಳೆದು ನೋಡಿ, ಕೂಲೆಂಟ್ ಮಟ್ಟ ನೋಡಿ, ಟ್ಯಾಂಕಿನ ಮುಚ್ಚಳದ ಚೀಟಿಯನ್ನು ತಮ್ಮ ತಂಗಿಯರಿಗೂ ತೋರಿಸಿ. ಹುಡುಗರಷ್ಟೇ ಅಲ್ಲ, ಹುಡುಗಿಯರೂ ಕಲಿಯಬೇಕಾದ ವಿದ್ಯೆ ಇದು. ತರಗತಿಯಲ್ಲಿ ಕೇಳಿದ ಒಂದು ಪಾಠವನ್ನು ಪ್ರಶ್ನೆಯಾಗಿಸಿಕೊಂಡು ಹದಿನೈದು ಇಪ್ಪತ್ತು ವರ್ಷ ಬೆನ್ನುಹತ್ತಿದ ರುಡಾಲ್ಫ್ ಡೀಸೆಲ್ ಅವರ ನೆನಪಿಗೆ ಅದಕ್ಕಿಂತ ಒಳ್ಳೆಯ ಗೌರವ ಬೇರೆ ಇಲ್ಲ.